ಗುಂಡನ 14 ಉಗುರು, ನಮ್ಮ ಒಂದು ಡಬ್ಬಿ

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾದ ದಾರವನ್ನು ಹುಲ್ಲು ಅಂದುಕೊಂಡು ಜಗಿಯಲು ನೋಡುತ್ತಿರುವವನು ನಮ್ಮ ಗಿನಿಪಿಗ್ ಗುಂಡ. ಹಿಂದೆ ರಟ್ಟಿನ ಪೆಟ್ಟಿಗೆಯಿಂದ ಮೂಗು ಮಾತ್ರ ಕಾಣುತ್ತಿದೆಯಲ್ಲ, ಅದು ಚುಕ್ಕಿ. ಅವಳು ಹೊರಗೆ ಬರುವುದಿಲ್ಲ, ಕಾಯಬೇಡಿ. ಗುಂಡನಿಗೆ ಆಪರೇಷನ್ ಮಾಡಿಸಿದ್ದೇವೆ, ಮರಿಗಳ ಭಯ ಇಲ್ಲ. ಪ್ರತಿ ಸಲ ಯಾರಾದರೂ ಕೇಳಿಯೇ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳಿದೆ.

ಶೂಟ್ ಮಾಡುವಾಗಲೇ ಎಲ್ಲ ಮಾತಾಡಿದ್ದೆ. ಆದರೆ ಹಿಂದೆ ಫ್ಯಾನ್ ಸದ್ದು, ಮುಂದೆ ಇವರಿಬ್ಬರ ವೀಕ್ ವೀಕ್. ನನ್ನ ಮಾತು ನನಗೇ ಕೇಳಿಸಲಿಲ್ಲ. ಹಾಗಾಗಿ ಈಗ ಒಬ್ಬಳೇ ಕೂತು, ವಿಡಿಯೋ ನೋಡುತ್ತಾ ಮತ್ತೆ ಮಾತಾಡುತ್ತಿದ್ದೇನೆ. ಇವತ್ತು ಗಿನಿಪಿಗ್‌ಗಳ ಫಸ್ಟ್ ಏಡ್ ಡಬ್ಬಿ ತುಂಬುವ ದಿನ.

ಈ ನೀಲಿ ಡಬ್ಬಿ ನಾನು ಮೊದಲು ತಂದ ರೆಡಿಮೇಡ್ ಕಿಟ್. ಮುಚ್ಚಳದ ಮೇಲೆ ಸಣ್ಣ ಪ್ರಾಣಿಗಳಿಗೆ ಅಂತ ಬರೆದಿದೆ. ಒಳಗೆ ನೋಡಿ. ನನ್ನ ಮಂಡಿಗೆ ಹಾಕುವಷ್ಟು ದೊಡ್ಡ ಪ್ಲಾಸ್ಟರ್ 6. ಒಂದು ಸೀಟಿ. ಸೀಟಿ ಯಾರು ಊದಬೇಕು, ಗುಂಡನಾ? ನಾಯಿಗೆ ಮಾಡಿದ ಕಿಟ್‌ಗೆ ಮೊಲದ ಚಿತ್ರ ಅಂಟಿಸಿದ್ದಾರೆ, ಅಷ್ಟೇ. ಪೂರ್ತಿ ದಂಡ. ಇದನ್ನು ನಂಬಿಕೊಂಡು ಕೂತಿದ್ದಕ್ಕೇ ಆ ರಾತ್ರಿ ನಮಗೆ ಆ ಗತಿ ಬಂದದ್ದು.

ಆ ರಾತ್ರಿಯ ಕಥೆ ಹೇಳಲೇಬೇಕು. ಫುಟೇಜ್ ಇಲ್ಲ, ಯಾಕೆಂದರೆ ಕ್ಯಾಮೆರಾ ಹಿಡಿಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಈ ಭಾಗದಲ್ಲಿ ಗುಂಡ ಸುಮ್ನೆ ಹುಲ್ಲು ತಿನ್ನುವುದನ್ನು ಹಾಕಿದ್ದೇನೆ.

ಗಿನಿಪಿಗ್‌ಗೆ 14 ಉಗುರು. ಮುಂದಿನ ಪಾದಕ್ಕೆ ನಾಲ್ಕು ನಾಲ್ಕು, ಹಿಂದಿನದಕ್ಕೆ ಮೂರು ಮೂರು. ಚುಕ್ಕಿಯ ಉಗುರು ತಿಳಿ ಬಣ್ಣ, ಒಳಗಿನ ರಕ್ತನಾಳ ಗುಲಾಬಿ ಗೆರೆಯಂತೆ ಕಾಣುತ್ತದೆ. ಅದಕ್ಕೆ ತಾಗದಂತೆ ತುದಿ ಮಾತ್ರ ಕತ್ತರಿಸಿದರೆ ಮುಗಿಯಿತು. ಗುಂಡನದ್ದು ಕಪ್ಪು. ಏನೂ ಕಾಣುವುದಿಲ್ಲ. ಕೆಳಗಿನಿಂದ ಟಾರ್ಚ್ ಬಿಟ್ಟರೆ ಸ್ವಲ್ಪ ನೆರಳು ಕಾಣುತ್ತದೆ, ಅದೂ ಅವನು ಅಲುಗಾಡದಿದ್ದರೆ. ಆವತ್ತು 10 ಉಗುರು ಚೆನ್ನಾಗಿಯೇ ಆಯಿತು. ನನಗೆ ಧೈರ್ಯ ಬಂತು. ಧೈರ್ಯ ಬಂದದ್ದೇ ತಪ್ಪಾಯಿತು. 11ನೆಯದಕ್ಕೆ ಟಾರ್ಚ್ ಬೇಡ ಅಂದೆ. ಕಟ್ ಅಂದ ಕೂಡಲೇ ಒಂದು ಕಿರುಚಾಟ. ಹಾಸಿದ್ದು ಬಿಳಿ ಟವೆಲ್. ನಿಜವಾಗಿ ಸೋರಿದ್ದು ನಾಲ್ಕೈದು ಹನಿ ಇರಬಹುದು, ಆದರೆ ಬಿಳಿ ಟವೆಲ್ ಮೇಲೆ ನಾಲ್ಕೈದು ಹನಿ ಹೇಗೆ ಕಾಣುತ್ತದೆ ಅಂತ ನಿಮಗೆ ಗೊತ್ತಲ್ಲ. ನನ್ನ ಕೈ ನಡುಗಲು ಶುರುವಾಯಿತು.

ನೀಲಿ ಡಬ್ಬಿ ತೆರೆದೆ. ಪ್ಲಾಸ್ಟರ್ ಇದೆ, ಸೀಟಿ ಇದೆ. ರಕ್ತ ನಿಲ್ಲಿಸುವ ಪುಡಿ ಇಲ್ಲ. ಸ್ಟಿಪ್ಟಿಕ್ ಪೌಡರ್ ಅನ್ನುತ್ತಾರಲ್ಲ, ಅದು. ಅದು ಇಲ್ಲದಾಗ ಕಾರ್ನ್‌ಫ್ಲೋರ್ ಒತ್ತಿ ಹಿಡಿದರೂ ನಡೆಯುತ್ತದೆ ಅಂತ ನನಗೆ ಗೊತ್ತಿತ್ತು. ‘ಅಕ್ಕಾ, ಕಾರ್ನ್‌ಫ್ಲೋರ್ ತಾ’ ಅಂತ ಕೂಗಿದೆ. ನಮ್ಮ ಅಡುಗೆಮನೆಯಲ್ಲಿ ಬಿಳಿ ಪುಡಿಯ ಡಬ್ಬಿ ಮೂರು, ಒಂದಕ್ಕೂ ಹೆಸರು ಬರೆದಿಲ್ಲ. ಅಕ್ಕ ಒಂದು ತಂದಳು. ಬೆರಳಲ್ಲಿ ಒರೆಸಿ ನೋಡಿದರೆ ನನಗೆ ಅನುಮಾನ. ‘ಇದು ಸೋಡಾ ಅಲ್ವಾ?’ ಅಂದೆ. ಅವಳು ನಾಲಿಗೆಗೆ ಹಚ್ಚಿಕೊಂಡು ಮುಖ ಸಿಂಡರಿಸಿ ವಾಪಸ್ ಓಡಿದಳು. ಎರಡನೆಯ ಡಬ್ಬಿಯನ್ನು ಅಲ್ಲೇ ರುಚಿ ನೋಡಿ ತಂದಳು. ಅಷ್ಟು ಹೊತ್ತೂ ನಾನು ಗುಂಡನನ್ನು ಟವೆಲ್‌ನಲ್ಲಿ ಸುತ್ತಿ, ಒಂದು ಪಾದ ಮಾತ್ರ ಹೊರಗೆ ಬಿಟ್ಟು, ಹತ್ತಿಯಲ್ಲಿ ಒತ್ತಿ ಹಿಡಿದಿದ್ದೆ. ಪುಡಿ ಹಾಕಿ ಮತ್ತೆ ಒತ್ತಿದೆ. ಎತ್ತಿ ಎತ್ತಿ ನೋಡಬಾರದು. ನಾನು ನೋಡಿದೆ. ಪ್ರತಿ ಸಲ ನೋಡಿದಾಗಲೂ ಮತ್ತೆ ಸೋರಿತು. ಕೊನೆಗೆ ಅಕ್ಕ ‘ನೀನು ಬಿಡು’ ಅಂತ ಹೇಳಿ ತಾನೇ ಒತ್ತಿ ಹಿಡಿದು ಗೋಡೆ ಗಡಿಯಾರ ನೋಡುತ್ತಾ ಕೂತಳು. ಐದು ನಿಮಿಷಕ್ಕೆ ನಿಂತಿತು.

ನಿಂತ ಮೇಲೆ ಗುಂಡ ಏನು ಮಾಡಿದ ಗೊತ್ತಾ? ಸೌತೆಕಾಯಿ ತಿಂದ. ನಾವಿಬ್ಬರೂ ನೆಲದ ಮೇಲೆ ಕೂತು ಅವನು ತಿನ್ನುವುದನ್ನೇ ನೋಡಿದೆವು. ಆ ರಾತ್ರಿ ಮರದ ಹೊಟ್ಟಿನ ಮೇಲೆ ಬಿಡಲಿಲ್ಲ, ಗಾಯಕ್ಕೆ ಧೂಳು ಅಂಟಬಾರದು ಅಂತ ಒಗೆದ ಬಟ್ಟೆ ಹಾಸಿದೆವು. ಉಳಿದ ಮೂರು ಉಗುರಿಗೆ ಮೂರು ದಿನ ನಾವು ಕೈ ಹಾಕಲಿಲ್ಲ.

ಹಾಗಾಗಿ ಡಬ್ಬಿಗೆ ಮೊದಲು ಬಿದ್ದದ್ದು ಈ ಸ್ಟಿಪ್ಟಿಕ್ ಪುಡಿ. ಉಗುರಿಗೆ ಮಾತ್ರ. ಬೇರೆ ಗಾಯಕ್ಕೆ ಹಾಕಬೇಡಿ, ಉರಿಯುತ್ತದೆ.

ಓ, ಚಿತ್ರ ಮುಂದೆ ಹೋಗಿಬಿಟ್ಟಿದೆ. ಇದು ಅಡುಗೆಯ ತಕ್ಕಡಿ. ಡಬ್ಬಿಯೊಳಗೆ ಹಿಡಿಸುವುದಿಲ್ಲ, ಆದರೂ ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಫಸ್ಟ್ ಏಡ್. ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಜೀವ ಇದು. ಕಾಯಿಲೆ ತೋರಿಸಿಕೊಂಡರೆ ಕಾಡಿನಲ್ಲಿ ಉಳಿಗಾಲ ಇಲ್ಲ. ಅದಕ್ಕೇ ಮುಚ್ಚಿಡುತ್ತವೆ. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ತೂಕ ಮಾತ್ರ ಸುಳ್ಳು ಹೇಳುವುದಿಲ್ಲ.

ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ಇರುತ್ತದೆ. ವಾರಕ್ಕೊಂದು ಸಲ, ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಚುಕ್ಕಿ 940 ಇದ್ದವಳು ಒಂದೇ ವಾರಕ್ಕೆ 870ಕ್ಕೆ ಬಂದಳು. ನೋಡಲು ಏನೂ ಆಗಿರಲಿಲ್ಲ. ಹುಲ್ಲು ಕಂಡರೆ ಓಡಿ ಬರುತ್ತಿದ್ದಳು. ಸರಿಯಾಗಿ ಗಮನಿಸಿದಾಗ ಗೊತ್ತಾಯಿತು, ಹುಲ್ಲು ಬಾಯಿಗೆ ಹಾಕಿಕೊಂಡು ಮತ್ತೆ ಬಿಡುತ್ತಿದ್ದಾಳೆ. ಇವುಗಳ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಾಣದ ಹಿಂದಿನ ಹಲ್ಲುಗಳೂ ಅಷ್ಟೇ. ಅವಳ ದವಡೆ ಹಲ್ಲು ಬೆಳೆದು ನಾಲಿಗೆಗೆ ಅಡ್ಡ ಬಂದಿತ್ತು. ಡಾಕ್ಟರ್ ಸರಿ ಮಾಡಿದರು. ಕಾಗದದಲ್ಲಿ 70 ಗ್ರಾಂ ವ್ಯತ್ಯಾಸ ಕಾಣದಿದ್ದರೆ ನಾನು ಇನ್ನೊಂದು ವಾರ ಸುಮ್ಮನಿರುತ್ತಿದ್ದೆ.

ಮುಂದೆ ಸಿರಿಂಜ್. ಸೂಜಿ ಇಲ್ಲದ್ದು, ತಿನ್ನಿಸಲು. ಇದರ ಜೊತೆ ಈ ಪೊಟ್ಟಣ, ಹುಲ್ಲು ತಿನ್ನುವ ಪ್ರಾಣಿಗಳಿಗೆ ಕಾಯಿಲೆಯಲ್ಲಿ ಕೊಡುವ ಪುಡಿ. ಆಕ್ಸ್‌ಬೋ ಕ್ರಿಟಿಕಲ್ ಕೇರ್ ಅಂತ ಒಂದು ಇದೆ, ಡಾಕ್ಟರ್‌ಗಳು ಜಾಸ್ತಿ ಹೇಳುವುದು ಅದನ್ನೇ. ಇದು ಯಾಕೆ ಬೇಕು ಅಂದರೆ, ಗಿನಿಪಿಗ್ ಹೊಟ್ಟೆ ಖಾಲಿ ಬಿಡುವ ಹಾಗಿಲ್ಲ. ನಾವು ಜ್ವರ ಬಂದರೆ ಒಂದು ದಿನ ಉಪವಾಸ ಮಲಗುತ್ತೇವಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಕರುಳು ನಿಂತುಹೋಗುತ್ತದೆ. ಅರ್ಧ ದಿನ ತಿನ್ನಲಿಲ್ಲ ಅಂದರೆ ಡಾಕ್ಟರ್‌ಗೆ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ. ಹಿಕ್ಕೆ ಕಡಿಮೆಯಾದರೂ ಅಷ್ಟೇ.

ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ, ಸಿರಿಂಜ್ ತುದಿಯನ್ನು ಬಾಯಿಯ ಪಕ್ಕದಿಂದ, ಮುಂದಿನ ಹಲ್ಲಿನ ಹಿಂದಿನ ಸಂದಿಗೆ ಇಡಬೇಕು. ಸ್ವಲ್ಪ ಸ್ವಲ್ಪ, ಅರ್ಧ ಎಂಎಲ್. ಜಗಿದು ನುಂಗಲಿ, ಆಮೇಲೆ ಇನ್ನೊಂದು. ಅಂಗಾತ ಮಲಗಿಸಬೇಡಿ, ಶ್ವಾಸಕ್ಕೆ ಹೋಗುತ್ತದೆ. ಇಲ್ಲಿ ನಾನು 1 ಎಂಎಲ್ ಸಿರಿಂಜ್‌ನಲ್ಲಿ ಪರದಾಡುವುದು ಕಾಣುತ್ತಿದೆಯಲ್ಲ, ತುದಿ ಸಣ್ಣದು, ನಾರು ಸಿಕ್ಕಿಹಾಕಿಕೊಂಡಿದೆ. ಜೋರಾಗಿ ಒತ್ತಿದೆ. ಈಗ ನೋಡಿ. ಹಾಂ. ಅಕ್ಕನ ಕನ್ನಡಕದ ಮೇಲೆ. ತುದಿಯನ್ನು ಕತ್ತರಿಸಿ, ಅಂಚು ಚುಚ್ಚದಂತೆ ಉಜ್ಜಿ ನಯ ಮಾಡಿಕೊಂಡರೆ ಸರಿಯಾಗುತ್ತದೆ. ಪುಡಿ ಮನೆಯಲ್ಲಿ ಇಲ್ಲದಿದ್ದರೆ ದಿನಾ ಕೊಡುವ ಪೆಲೆಟ್ ಅನ್ನೇ ನೆನೆಸಿ ಗಂಜಿ ಮಾಡಬಹುದು.

ಒಂದು ಮುಖ್ಯ ವಿಷಯ. ಹೊಟ್ಟೆ ಉಬ್ಬಿ ಡೋಲಿನ ಹಾಗೆ ಬಿಗಿಯಾಗಿದ್ದರೆ ಏನೂ ತಿನ್ನಿಸಬೇಡಿ. ಇವಕ್ಕೆ ವಾಂತಿ ಮಾಡಲು ಬರುವುದಿಲ್ಲ. ನೇರ ಆಸ್ಪತ್ರೆಗೆ.

ವಿಟಮಿನ್ ಸಿ ಮಾತ್ರೆ. ನಮ್ಮ ಹಾಗೆಯೇ ಗಿನಿಪಿಗ್ ದೇಹವೂ ಇದನ್ನು ತಾನೇ ಮಾಡಿಕೊಳ್ಳುವುದಿಲ್ಲ. ದಿನಕ್ಕೆ ಒಂದು ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಕಾಯಿಲೆ ಬಿದ್ದಾಗ ಎಷ್ಟು ಅಂತ ಡಾಕ್ಟರ್ ಹೇಳುತ್ತಾರೆ. ನೀರಿಗೆ ಹಾಕುವ ಹನಿ ತರಬೇಡಿ. ನೀರಿನಲ್ಲಿ, ಬೆಳಕಿನಲ್ಲಿ ಅದು ಬೇಗ ಹಾಳಾಗುತ್ತದೆ, ರುಚಿ ಬದಲಾಗಿ ಅವು ನೀರನ್ನೇ ಕುಡಿಯದೆ ಇರಬಹುದು. ಕಮ್ಮಿಯಾದರೆ ಕೂದಲು ಒರಟಾಗುತ್ತದೆ, ಕೀಲು ನೋವಾಗಿ ಓಡಾಡುವುದಿಲ್ಲ, ಗಾಯ ಬೇಗ ಒಣಗುವುದಿಲ್ಲ.

ಇದರ ಬಗ್ಗೆ ಓದುವಾಗ ಒಂದು ಸಿಕ್ಕಿತು. 1907ರಲ್ಲಿ ನಾರ್ವೆಯಲ್ಲಿ ಹೋಲ್ಸ್ಟ್ ಮತ್ತು ಫ್ರೋಲಿಕ್ ಅನ್ನುವ ಇಬ್ಬರು ಹಡಗಿನವರಿಗೆ ಬರುವ ಇನ್ಯಾವುದೋ ರೋಗ ಹುಡುಕಲು ಗಿನಿಪಿಗ್‌ಗಳಿಗೆ ಬರೀ ಧಾನ್ಯ ಹಾಕಿದರಂತೆ. ಬಂದದ್ದು ಸ್ಕರ್ವಿ, ವಿಟಮಿನ್ ಸಿ ಸಿಗದೆ ಬರುವ ರೋಗ. ಆಮೇಲೆ ವಿಟಮಿನ್ ಸಿ ಸಿಕ್ಕಿದ್ದರಲ್ಲಿ ಈ ಗುಂಡನ ಪೂರ್ವಜರ ಪಾಲೂ ಇದೆ. ಇವುಗಳ ಬದಲು ಇಲಿಗಳ ಮೇಲೆ ಪ್ರಯೋಗ ಮಾಡಿದ್ದರೆ ಸ್ಕರ್ವಿ ಬರುತ್ತಿರಲಿಲ್ಲ, ಇಲಿಯ ದೇಹ ತಾನೇ ಮಾಡಿಕೊಳ್ಳುತ್ತದೆ. ಪಾಪ ಅಲ್ವಾ, ಕಷ್ಟ ಇವರದ್ದು, ಕಿತ್ತಳೆ ಹಣ್ಣಿನ ಹೆಸರು ಮಾತ್ರ... ಅಯ್ಯೋ, ಶಾಟ್ ಮುಗಿಯಿತು. ಸಲೈನ್, ಸಲೈನ್.

ಇದು ಶುದ್ಧ ಉಪ್ಪುನೀರು, ಕಣ್ಣು ತೊಳೆಯಲು, ಗಾಯ ತೊಳೆಯಲು. ಒಣಹುಲ್ಲಿನ ಕಡ್ಡಿ ಕಣ್ಣಿಗೆ ಚುಚ್ಚುವುದು ಇವರಿಗೆ ಮಾಮೂಲು. ತೊಳೆದ ಮೇಲೂ ಕಣ್ಣು ಮಂಜಾಗಿದ್ದರೆ, ಮುಚ್ಚಿಕೊಂಡೇ ಇದ್ದರೆ ಕಾಯಬೇಡಿ. ಮೊದಲ ತಿಂಗಳು ಚುಕ್ಕಿಯ ಕಣ್ಣಿಂದ ಹಾಲಿನ ಹಾಗೆ ಬಿಳಿ ನೀರು ಬಂತು ಅಂತ ನಾನು ಅತ್ತುಬಿಟ್ಟಿದ್ದೆ. ಅದು ಅವಳು ಮುಖ ತೊಳೆದುಕೊಳ್ಳುವ ನೀರು! ಆ ಕಣ್ಣೀರನ್ನು ಪಾದಕ್ಕೆ ಹಚ್ಚಿಕೊಂಡು ಮುಖ ಉಜ್ಜುತ್ತವೆ. ಒಂದು ಸಲ ಬಂದು ಹೋದರೆ ಏನೂ ಇಲ್ಲ.

ಬ್ಯಾಂಡೇಜ್ ಬಗ್ಗೆ ನನಗೆ ನಂಬಿಕೆ ಇಲ್ಲ. ಕಟ್ಟಿದ ಎರಡು ನಿಮಿಷಕ್ಕೆ ಕಡಿದು ಹಾಕುತ್ತಾರೆ, ನುಂಗಿದರೆ ಇನ್ನೊಂದು ತಲೆನೋವು. ಒತ್ತಿ ಹಿಡಿಯಲು ಗಾಜ್ ಬಟ್ಟೆ ಸಾಕು. ಕೈಗವಸು ಬೇಡ ಅಂದುಕೊಂಡಿದ್ದೆ. ಆದರೆ ಚರ್ಮದ ಹುಳುಕಡ್ಡಿ ಇವರಿಂದ ನಮಗೂ ಹರಡುತ್ತದೆ, ಹಾಗಾಗಿ ಹಾಕಿದೆ. ಚಿಮುಟ ನೀಲಿ ಕಿಟ್‌ನದ್ದೇ. ತುದಿ ಮೊಂಡು, ಹಿಡಿತ ಚೆನ್ನಾಗಿದೆ. ಡಬ್ಬಿಯ ಬೀಗವೂ ಗಟ್ಟಿ. ಸರಿ, ಪೂರ್ತಿ ದಂಡ ಅಲ್ಲ. ಮುಕ್ಕಾಲು ದಂಡ.

ಬಿಸಿ ಪ್ಯಾಕ್, ಬಟ್ಟೆ ಸುತ್ತಿಯೇ ಇಡಬೇಕು, ಅವು ಬೇಡ ಅಂದರೆ ಪಕ್ಕಕ್ಕೆ ಹೋಗಲು ಜಾಗ ಬಿಟ್ಟು. ಆದರೆ ಇವರಿಗೆ ಚಳಿಗಿಂತ ಸೆಕೆಯೇ ದೊಡ್ಡ ಶತ್ರು. 26, 27 ಡಿಗ್ರಿ ದಾಟಿದರೆ ಕಣ್ಣಿಟ್ಟಿರಿ. ಉದ್ದ ಚಾಚಿ ಮಲಗಿ ಏದುಸಿರು ಬಿಡುತ್ತಿದ್ದರೆ ತಂಪು ಜಾಗಕ್ಕೆ ಒಯ್ದು, ಕಿವಿ ಪಾದಗಳಿಗೆ ತಣ್ಣನೆಯ ಒದ್ದೆ ಬಟ್ಟೆ ಮುಟ್ಟಿಸಿ, ಆಸ್ಪತ್ರೆಗೆ ಹೊರಡಿ. ಐಸ್ ನೀರಿನಲ್ಲಿ ಅದ್ದಬೇಡಿ.

ಈಗ ಮುಚ್ಚಳದ ಒಳಗೆ ಕೆಂಪು ಪೆನ್ನಿನಲ್ಲಿ ಬರೆಯುತ್ತಿರುವುದು ಡಬ್ಬಿಗೆ ಹಾಕಬಾರದ್ದು. ಪೆನಿಸಿಲಿನ್, ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್. ನಮಗೆ ಕೊಡುವ ಮಾಮೂಲಿ ಮಾತ್ರೆಗಳು, ಇವರಿಗೆ ಬಾಯಿಯಿಂದ ಹೋದರೆ ವಿಷ. ಹೊಟ್ಟೆಯಲ್ಲಿ ಹುಲ್ಲು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಬೆಳೆದು, ಪ್ರಾಣವೇ ಹೋಗಬಹುದು. ನಾಯಿ ಬೆಕ್ಕು ಮಾತ್ರ ನೋಡುವ ಡಾಕ್ಟರ್ ಆದರೆ ಬಾಯಿಬಿಟ್ಟು ಕೇಳಿ, ‘ಡಾಕ್ಟ್ರೇ, ಇದು ಗಿನಿಪಿಗ್‌ಗೆ ಆಗುತ್ತಾ?’ ಅಂತ. ಒಮ್ಮೆ ನಾನು ಸಂಕೋಚಪಟ್ಟು ಕೇಳದೆ ಬಂದು, ಮನೆಯಲ್ಲಿ ಚೀಟಿ ಓದಿ, ವಾಪಸ್ ಓಡಿದ್ದೆ. ನಮ್ಮ ನೋವಿನ ಮಾತ್ರೆಗಳೂ ಬೇಡ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಟೀ ಟ್ರೀ ಎಣ್ಣೆ, ಯಾವುದೂ ಬೇಡ.

ಕೊನೆಯದು ಒಂದು ಹಾಳೆ. ರಾತ್ರಿ ತೆರೆದಿರುವ ಪ್ರಾಣಿಗಳ ಆಸ್ಪತ್ರೆಯ ನಂಬರ್, ಇಬ್ಬರ ತೂಕ, ಔಷಧಿಗಳ ಎಕ್ಸ್‌ಪೈರಿ ತಿಂಗಳು. ಡಬ್ಬಿಯ ಪಕ್ಕದಲ್ಲೇ ಕ್ಯಾರಿಯರ್ ಬುಟ್ಟಿ, ಅದರಲ್ಲಿ ಟವೆಲ್. ಒಬ್ಬನಿಗೆ ಕಾಯಿಲೆ ಆದರೂ ಇಬ್ಬರನ್ನೂ ಒಯ್ಯುತ್ತೇವೆ, ಜೊತೆ ಇದ್ದರೆ ಹೆದರಿಕೆ ಕಡಿಮೆ.

ಇಲ್ಲಿ ಅಕ್ಕ ನನಗೆ ಏನೋ ಕೈ ತೋರಿಸುತ್ತಿದ್ದಾಳೆ, ನನಗೆ ಆವಾಗ ಅರ್ಥವಾಗಲಿಲ್ಲ. ಈಗ ನೋಡುತ್ತಿದ್ದೇನೆ. ಎಡಗಡೆ ಮೂಲೆ ನೋಡಿ. ಚುಕ್ಕಿ! ಪೆಟ್ಟಿಗೆಯಿಂದ ಹೊರಗೆ ಬಂದಿದ್ದಾಳೆ, ಬರುವುದಿಲ್ಲ ಅಂದಿದ್ದೆನಲ್ಲ. ಬಾಯಲ್ಲಿ ಇರುವುದು ಆ ಹಾಳೆ. ಆಸ್ಪತ್ರೆಯ ನಂಬರ್‌ನ ಕೊನೆಯ ನಾಲ್ಕು ಅಂಕಿ ಹೊಟ್ಟೆಗೆ ಹೋಯಿತು. ಹೊಸದು ಬರೆದು ಪ್ಲಾಸ್ಟಿಕ್ ಕವರ್‌ಗೆ ಹಾಕಿಟ್ಟಿದ್ದೇನೆ, ಅದರ ಫುಟೇಜ್ ಇಲ್ಲ, ಬ್ಯಾಟರಿ ಹೋಗಿತ್ತು.