ಮಳೆ ಬಾರದ ರಾಜಧಾನಿ ಲೀಮಾ

ಕೇಳುಗರಿಗೆ ನಮಸ್ಕಾರ.

ಪೆರು ದೇಶದ ರಾಜಧಾನಿ ಲೀಮಾದಲ್ಲಿ ಛತ್ರಿ ಮಾರಿ ಬದುಕುತ್ತೇನೆ ಅಂತ ಯಾರಾದರೂ ಹೊರಟರೆ ಉಪವಾಸವೇ ಗತಿ. ಪೆಸಿಫಿಕ್ ಸಾಗರದ ದಂಡೆಯಲ್ಲೇ ಇರುವ ಊರು, ಸುಮಾರು ಒಂದು ಕೋಟಿ ಜನ. ಆದರೆ ವರ್ಷಪೂರ್ತಿ ಸುರಿಯುವ ಮಳೆಯನ್ನು ಕೂಡಿಸಿದರೂ ಒಂದೆರಡು ಸೆಂಟಿಮೀಟರ್ ದಾಟುವುದು ಕಷ್ಟ. 1970ರ ಜನವರಿಯಲ್ಲಿ ಒಮ್ಮೆ ಸುಮಾರು 17 ಮಿಲಿಮೀಟರ್ ಮಳೆ ಬಂತು. ನಮ್ಮ ಮಲೆನಾಡಿನವರು ಅದನ್ನು ಮಳೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಲೀಮಾದಲ್ಲಿ ಅಷ್ಟಕ್ಕೇ ಮಣ್ಣಿನ ಮನೆಗಳು ಕುಸಿದವು, ರಸ್ತೆಗಳಲ್ಲಿ ನೀರು ನಿಂತಿತು. ಬಾರದ ಮಳೆಗೆ ಚರಂಡಿ ಯಾರು ಕಟ್ಟುತ್ತಾರೆ?

ಸಮುದ್ರ ಪಕ್ಕದಲ್ಲೇ ಇದ್ದರೂ ಮಳೆ ಯಾಕಿಲ್ಲ? ಕಾರಣ ಆ ಸಮುದ್ರವೇ. ದಕ್ಷಿಣದಿಂದ ಹಂಬೋಲ್ಟ್ ಅನ್ನುವ ಸಾಗರ ಪ್ರವಾಹ ತಣ್ಣನೆಯ ನೀರನ್ನು ದಂಡೆಗುಂಟ ಹೊತ್ತು ತರುತ್ತದೆ. ಅದರ ಮೇಲಿನ ಗಾಳಿಯೂ ತಣ್ಣಗಾಗಿ ಕೆಳಗೇ ಉಳಿಯುತ್ತದೆ. ಅದಕ್ಕಿಂತ ಮೇಲೆ ಬೆಚ್ಚನೆಯ ಗಾಳಿ ಕೂತಿರುತ್ತದೆ. ಹಾಗಾಗಿ ಮೋಡ ಕಟ್ಟುತ್ತದೆ, ಆದರೆ ಮೇಲೇರುವುದಿಲ್ಲ, ಸುರಿಯುವುದೂ ಇಲ್ಲ. ಇನ್ನು ಪೂರ್ವದ ಅಮೆಜಾನ್ ಕಾಡಿನ ಮೋಡಗಳನ್ನು ಆಂಡಿಸ್ ಬೆಟ್ಟಗಳು ಆಚೆಯೇ ತಡೆದುಬಿಡುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಚಳಿಗಾಲ. ಆಗ ಆಕಾಶವೆಲ್ಲ ಬೂದಿ ಬಣ್ಣ. ಊರವರು ಅದನ್ನು ‘ಕತ್ತೆಯ ಹೊಟ್ಟೆ’ ಅಂತ ಕರೆಯುತ್ತಾರೆ. ಗರೂವಾ ಅಂತ ಒಂದು ತುಂತುರು ಬೀಳುತ್ತದೆ. ಕನ್ನಡಕ ಮಸುಕಾಗುತ್ತದೆ, ಫುಟ್‌ಪಾತ್ ಜಾರುತ್ತದೆ, ಹಗ್ಗದ ಮೇಲಿನ ಬಟ್ಟೆ ಒಣಗುವುದೇ ಇಲ್ಲ. ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು. ಇಷ್ಟೆಲ್ಲ ತೇವ ಇದ್ದೂ ಕೊಡ ತುಂಬುವಷ್ಟು ನೀರಿಲ್ಲ!

ಹಾಗಾದರೆ ಕುಡಿಯುವ ನೀರು ಎಲ್ಲಿಂದ? ಮುಖ್ಯವಾಗಿ ಆಂಡಿಸ್‌ನಿಂದ ಇಳಿದು ಬರುವ ರಿಮಾಕ್ ನದಿಯಿಂದ. ಅದು ಸಾಲದೆ, ಬೆಟ್ಟದಲ್ಲಿ ಸುರಂಗ ಕೊರೆದು ಆಚೆ ಬದಿಯ ನೀರನ್ನೂ ಈಚೆಗೆ ತಿರುಗಿಸಿದ್ದಾರೆ. ಅಮೆಜಾನ್ ಕಡೆಗೆ ಹೋಗಬೇಕಿದ್ದ ನೀರು ಅದು. 1535ರ ಜನವರಿ 18ರಂದು ಸ್ಪೇನಿನ ಫ್ರಾನ್ಸಿಸ್ಕೊ ಪಿಸಾರೊ ಈ ಊರಿಗೆ ಅಡಿಪಾಯ ಹಾಕಿದ ಅಂತ ಶಾಲೆಯಲ್ಲಿ ಓದುತ್ತಾರೆ. ನಿಜ ಹೇಳಬೇಕೆಂದರೆ ಅವನು ಬಂದಾಗ ಅದು ಬರೀ ಮರಳಲ್ಲ. ಹಳೆಯ ಜನ ನದಿಯಿಂದ ಕಾಲುವೆ ತೋಡಿ ಹೊಲ ಮಾಡಿಕೊಂಡಿದ್ದರು. ಅವರ ಸುರ್ಕೊ ಕಾಲುವೆಯ ನೀರು ಇವತ್ತಿಗೂ ಲೀಮಾದ ಪಾರ್ಕುಗಳಿಗೆ ಹರಿಯುತ್ತದೆ. ಮಿರಾಫ್ಲೋರೆಸ್ ಬಡಾವಣೆಯ ಅಪಾರ್ಟ್‌ಮೆಂಟುಗಳ ನಡುವೆ ವಾಕಾ ಪುಕ್ಯಾನಾ ಅನ್ನುವ ಅವರ ದಿಬ್ಬವೂ ಇದೆ, ಒಂದೂವರೆ ಸಾವಿರ ವರ್ಷದಷ್ಟು ಹಳೆಯದು. ಹತ್ತಿರ ಹೋಗಿ ನೋಡಿದರೆ ಹಸಿ ಇಟ್ಟಿಗೆಗಳನ್ನು ಕಪಾಟಿನ ಪುಸ್ತಕಗಳಂತೆ ನಿಲ್ಲಿಸಿ ಜೋಡಿಸಿದ್ದಾರೆ, ನಡುವೆ ಸಂದು ಬಿಟ್ಟು. ಭೂಮಿ ನಡುಗಿದಾಗ ಅಲ್ಲಾಡಲು ಜಾಗ ಬೇಕಲ್ಲ! ಅಲ್ಲಿ ಭೂಕಂಪ ಹೊಸದಲ್ಲ. 1746ರ ಅಕ್ಟೋಬರ್ 28ರ ರಾತ್ರಿ ಲೀಮಾ ನೆಲಸಮವಾಯಿತು, ಪಕ್ಕದ ಕಯಾವೊ ಬಂದರನ್ನು ಸಮುದ್ರ ನುಂಗಿತು.

ಈಗಿನ ಲೀಮಾದ ಕಥೆ ಮಾತ್ರ ಗುಡ್ಡಗಳ ಮೇಲಿದೆ. ಹಳ್ಳಿಗಳಿಂದ ಬಂದ ಜನ ಮರಳುಗುಡ್ಡಗಳಲ್ಲಿ ಜೊಂಡಿನ ಚಾಪೆ ನಿಲ್ಲಿಸಿ ಮನೆ ಮಾಡಿಕೊಂಡರು. 1971ರಲ್ಲಿ ಹೀಗೆ ಶುರುವಾದ ವಿಯಾ ಎಲ್ ಸಾಲ್ವಡೋರ್ ಈಗ ಲಕ್ಷಾಂತರ ಜನರ ಊರು. ಬೀದಿ, ಶಾಲೆ ಎಲ್ಲವನ್ನೂ ಅಲ್ಲಿನವರೇ ಕೂಡಿ ಕಟ್ಟಿಕೊಂಡರು. ಆದರೆ ಇನ್ನೂ ಮೇಲಿನ ಗುಡ್ಡಗಳಿಗೆ ನಲ್ಲಿ ಹತ್ತಿಲ್ಲ. ಟ್ಯಾಂಕರ್ ಬರುತ್ತದೆ, ಮನೆ ಮುಂದಿನ ಡ್ರಮ್ ತುಂಬಿಸಿ ಹೋಗುತ್ತದೆ. ಕೆಳಗೆ ನಲ್ಲಿ ಇರುವ ಶ್ರೀಮಂತರಿಗಿಂತ ಹಲವು ಪಟ್ಟು ಜಾಸ್ತಿ ದುಡ್ಡು ಕೊಡುವುದು ಇವರೇ. ಇದು ಬೆಂಗಳೂರಿನ ಅಂಚಿನವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ, ಅಲ್ವಾ?

ಕೆಲವು ಗುಡ್ಡಗಳಲ್ಲಿ ಜನ ಮಂಜನ್ನೇ ಹಿಡಿಯುತ್ತಾರೆ. ಎರಡು ಕಂಬಗಳ ನಡುವೆ ಪ್ಲಾಸ್ಟಿಕ್ ಬಲೆ ಬಿಗಿದಿರುತ್ತಾರೆ. ಮಂಜು ಹಾದು ಹೋಗುವಾಗ ಹನಿ ಬಲೆಗೆ ಅಂಟಿ, ಕೆಳಗಿನ ತೆರೆದ ಕೊಳವೆಗೆ ಜಾರಿ, ಪೈಪಿನಿಂದ ತೊಟ್ಟಿ ಸೇರುತ್ತದೆ. ತರಕಾರಿ ಗಿಡಕ್ಕೆ, ಪಾತ್ರೆ ಬಟ್ಟೆಗೆ ಆದೀತು. ಚಳಿಗಾಲ ಮುಗಿದರೆ ಅದೂ ಇಲ್ಲ. ಇದನ್ನು ಕೊಂಡಾಡುವವರು ಬಹಳ, ನನಗೇನೋ ನಲ್ಲಿಯೇ ವಾಸಿ ಅನ್ನಿಸುತ್ತದೆ. ಇತ್ತ ಊರೊಳಗಿನ ರಿಸರ್ವಾ ಪಾರ್ಕಿನಲ್ಲಿ 2007ರಿಂದ ಬಣ್ಣದ ಕಾರಂಜಿಗಳು ಕುಣಿಯುತ್ತಿವೆ!

2017ರ ಮಾರ್ಚ್‌ನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಸಮುದ್ರದ ನೀರು ಬಿಸಿಯಾಗಿ ಬೆಟ್ಟಗಳಲ್ಲಿ ಜಡಿಮಳೆ ಹಿಡಿಯಿತು. ರಿಮಾಕ್ ಕೆಸರು ಹೊತ್ತು ಉಕ್ಕಿ ಬಂತು. ಆ ಕೆಸರನ್ನು ಶುದ್ಧ ಮಾಡಲಾಗದೆ ನಗರಕ್ಕೆ ಕೆಲವು ದಿನ ನೀರನ್ನೇ ನಿಲ್ಲಿಸಬೇಕಾಯಿತು. ಆಗ ನಲ್ಲಿ ಇದ್ದವರೂ ಬಕೆಟ್ ಹಿಡಿದು ಸಾಲಿನಲ್ಲಿ ನಿಂತರು.

ಮಳೆ ಕೊಡದ ಆ ತಣ್ಣನೆಯ ಸಮುದ್ರ ಮೀನನ್ನು ಮಾತ್ರ ಧಾರಾಳವಾಗಿ ಕೊಡುತ್ತದೆ. ಹಸಿ ಮೀನಿನ ತುಂಡಿಗೆ ನಿಂಬೆರಸ, ಉಪ್ಪು, ಈರುಳ್ಳಿ, ಮೆಣಸಿನಕಾಯಿ ಬೆರೆಸಿದರೆ ಸೆವಿಚೆ. ಮೀನಿಗೆ ಒಲೆ ಹಚ್ಚುವುದೇ ಇಲ್ಲ, ಪಕ್ಕಕ್ಕೆ ಬೇಯಿಸಿದ ಗೆಣಸು, ಮೆಕ್ಕೆಜೋಳ ಇದ್ದರಾಯಿತು. ತಟ್ಟೆಯಲ್ಲಿ ಉಳಿದ ಹುಳಿ ರಸಕ್ಕೆ ‘ಹುಲಿ ಹಾಲು’ ಅನ್ನುತ್ತಾರೆ, ಅದನ್ನೂ ಬಿಡದೆ ಕುಡಿಯುತ್ತಾರೆ. ಬೆಳಿಗ್ಗೆ ಹಿಡಿದ ಮೀನು ಮಧ್ಯಾಹ್ನಕ್ಕೇ ಮುಗಿಯಬೇಕು ಅನ್ನುವುದು ಹಳೆಯ ಲೆಕ್ಕ. ಅದಕ್ಕೇ ಒಳ್ಳೆಯ ಸೆವಿಚೆ ಅಂಗಡಿಗಳು ಅನೇಕ ಸಂಜೆಗೆ ಮುಂಚೆಯೇ ಬಾಗಿಲು ಹಾಕುತ್ತವೆ. ಹೋಗುವುದಿದ್ದರೆ ಊಟದ ಹೊತ್ತಿಗೇ ಹೋಗಿ. ನಮಸ್ಕಾರ.