ವಿಂಗರ್ ಒಬ್ಬನೇ ಓಡೋದಿಲ್ಲ: ಜೇಡನ್ ಸಾಂಚೊ ಮತ್ತು ಡಾರ್ಟ್ಮಂಡ್

ಇಂಗ್ಲೆಂಡಿನ ಫುಟ್‌ಬಾಲ್ ವಿಂಗರ್ (ಮೈದಾನದ ಅಂಚಿನಿಂದ ದಾಳಿ ಮಾಡೋ ಆಟಗಾರ) ಜೇಡನ್ ಸಾಂಚೊ ಹೆಸರೆತ್ತಿದರೆ ಸಾಕು, ಎರಡು ಮಾತು ಗ್ಯಾರಂಟಿ. ಒಂದು, "ಜರ್ಮನಿ ಲೀಗ್ ಸುಲಭ ಗುರು, ಅಲ್ಲಿ ಯಾರು ಬೇಕಾದರೂ ಗೋಲ್ ಹೊಡೀತಾರೆ." ಇನ್ನೊಂದು, "ಹುಡುಗನಿಗೆ ದುಡ್ಡು ಬಂತು, ತಲೆ ತಿರುಗಿತು." ಎರಡನ್ನೂ ನಾನು ಒಪ್ಪಲ್ಲ. ಸಾಂಚೊ ಜರ್ಮನಿಯ ಡಾರ್ಟ್ಮಂಡ್ ಕ್ಲಬ್ಬಲ್ಲಿ ಮೇಲೇರಿದ್ದಕ್ಕೂ ಆಮೇಲೆ ಮ್ಯಾಂಚೆಸ್ಟರ್ ಯುನೈಟೆಡಲ್ಲಿ ಕೆಳಗಿಳಿದಿದ್ದಕ್ಕೂ ಮೈದಾನದ ಮೇಲೇ ಕಾರಣ ಸಿಗುತ್ತೆ. ಅವನಿಗೊಂದು ಖಾಲಿ ಜಾಗ ಸಿಕ್ಕಿತ್ತಾ, ಅವನ ಪಕ್ಕದಲ್ಲಿ ಓಡೋಕೆ ಯಾರಿದ್ದರು, ಈ ಎರಡು ಪ್ರಶ್ನೆ ಕೇಳಿದರೆ ಬಹುಪಾಲು ಉತ್ತರ ಅಲ್ಲೇ ಇದೆ.

2017ರ ಬೇಸಿಗೆಗೆ ಹೋಗೋಣ. ಸಾಂಚೊಗೆ 17 ವರ್ಷ. ಲಂಡನ್ನಿನ ಹುಡುಗ, ವಾಟ್ಫರ್ಡ್ ಅಕಾಡೆಮಿಯಲ್ಲಿ ಬೆಳೆದು 14ನೇ ವಯಸ್ಸಿಗೆ ಮ್ಯಾಂಚೆಸ್ಟರ್ ಸಿಟಿ ಸೇರಿದವನು. ಸಿಟಿ ಹೊಸ ಕಾಂಟ್ರಾಕ್ಟ್ ಮುಂದಿಟ್ಟಿತ್ತು, ಇವನು ಬೇಡ ಅಂದ. ಆಗ ಎಲ್ಲರೂ ದುರಹಂಕಾರ ಅಂದರು. ಆದರೆ ಸಿಟಿಯ ಮುಂಚೂಣಿ ನೋಡಿ: ಸ್ಟರ್ಲಿಂಗ್, ಸಾನೆ, ಸಾಲದ್ದಕ್ಕೆ ಅದೇ ಬೇಸಿಗೆಯಲ್ಲಿ ಬಂದ ಬರ್ನಾರ್ಡೊ ಸಿಲ್ವಾ. ಅಲ್ಲಿ ಉಳಿದಿದ್ದರೆ ಕಪ್ ಪಂದ್ಯದ ಕೊನೇ ಹತ್ತು ನಿಮಿಷಕ್ಕೆ ಕಾಯಬೇಕಿತ್ತು.

ಅತ್ತ ಡಾರ್ಟ್ಮಂಡ್‌ನಲ್ಲಿ ಆಗಸ್ಟ್ 25ಕ್ಕೆ ಉಸ್ಮಾನ್ ಡೆಂಬೆಲೆ ಬಾರ್ಸಿಲೋನಾಗೆ ಹೋಗೋದು ಖಚಿತವಾಯಿತು. ಆಗಸ್ಟ್ 31ಕ್ಕೆ, ವಿಂಡೋ (ಆಟಗಾರರ ವರ್ಗಾವಣೆಗೆ ಇರೋ ಅವಧಿ) ಮುಚ್ಚೋ ದಿನ, ಸಾಂಚೊ ಸಹಿ ಹಾಕಿದ. ಡೆಂಬೆಲೆ ಬಿಟ್ಟುಹೋದ 7ನೇ ನಂಬರ್ ಜೆರ್ಸಿ ಇವನ ಬೆನ್ನಿಗೆ ಬಂತು. ನಡುವೆ ಆರು ದಿನ. ಸಿಟಿಗೆ ಸಿಕ್ಕಿದ್ದು ಸುಮಾರು 80 ಲಕ್ಷ ಪೌಂಡ್ ಅಂತ ಆಗ ವರದಿಯಾಗಿತ್ತು.

ಆ ವರ್ಷ ಅಕ್ಟೋಬರ್‌ನಲ್ಲಿ ಸಾಂಚೊ ಭಾರತದಲ್ಲೇ ಇದ್ದ. 17 ವರ್ಷದೊಳಗಿನವರ ವಿಶ್ವಕಪ್, ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂ, ಚಿಲಿ ವಿರುದ್ಧ 4-0, ಅದರಲ್ಲಿ ಎರಡು ಗೋಲ್ ಇವನದು. ಗ್ರೂಪ್ ಹಂತ ಮುಗಿದ ತಕ್ಷಣ ಡಾರ್ಟ್ಮಂಡ್ ವಾಪಸ್ ಕರೆಸಿಕೊಂಡಿತು. ಇಂಗ್ಲೆಂಡ್ ಅವನಿಲ್ಲದೇ ಅದೇ ಸ್ಟೇಡಿಯಂನಲ್ಲಿ ಫೈನಲ್ ಗೆದ್ದಿತು, ಸ್ಪೇನ್ ವಿರುದ್ಧ 5-2. ಪಾಪ, ಕಪ್ ಎತ್ತೋ ಫೋಟೋದಲ್ಲಿ ಅವನಿಲ್ಲ. ಆದರೆ ಫೈನಲ್‌ಗೆ ಒಂದು ವಾರ ಮೊದಲೇ, ಅಕ್ಟೋಬರ್ 21ಕ್ಕೆ, ಫ್ರಾಂಕ್‌ಫರ್ಟ್ ವಿರುದ್ಧ ಬದಲಿ ಆಟಗಾರನಾಗಿ ಜರ್ಮನಿಯ ಲೀಗ್ ಬುಂಡೆಸ್‌ಲೀಗಾಗೆ ಕಾಲಿಟ್ಟಿದ್ದ.

ಮೊದಲ ಸೀಸನ್ ಸದ್ದಿಲ್ಲದ್ದು. ಲೀಗ್‌ನಲ್ಲಿ 12 ಪಂದ್ಯ, ಒಂದು ಗೋಲ್, ಅದೂ 2018ರ ಏಪ್ರಿಲ್‌ನಲ್ಲಿ ಲೆವರ್‌ಕೂಸನ್ ವಿರುದ್ಧ. ಮುಂದಿನ ಸೀಸನ್‌ಗೆ ಲೂಸಿಯನ್ ಫಾವ್ರ್ ಕೋಚ್ ಆಗಿ ಬಂದರು. ಶುರುವಿನ ವಾರಗಳಲ್ಲಿ ಸಾಂಚೊ ಬೆಂಚಿಂದ ಎದ್ದು ಬಂದೇ ಅಸಿಸ್ಟ್ (ಗೋಲ್‌ಗೆ ದಾರಿ ಮಾಡೋ ಪಾಸ್) ಕೊಡ್ತಾ ಹೋದ, ನಿಧಾನಕ್ಕೆ ತಂಡದ ಇನ್ನೊಬ್ಬ ವಿಂಗರ್ ಪುಲಿಸಿಕ್ ಜಾಗವನ್ನೇ ಹಿಡಿದ. 34 ಲೀಗ್ ಪಂದ್ಯ, 12 ಗೋಲ್, 14 ಅಸಿಸ್ಟ್. ಅದರಾಚೆ 2019-20ರಲ್ಲಿ 17 ಗೋಲ್, 16 ಅಸಿಸ್ಟ್.

ಈ 2019-20ರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಆ ಶರತ್ಕಾಲ ಇವನಿಗೆ ಕೆಟ್ಟದಾಗಿತ್ತು. ರಾಷ್ಟ್ರೀಯ ತಂಡದಿಂದ ತಡವಾಗಿ ಬಂದ ಅಂತ ಒಂದು ಪಂದ್ಯದಿಂದ ಹೊರಗಿಟ್ಟರು. ನವೆಂಬರ್‌ನಲ್ಲಿ ಬಯರ್ನ್ ವಿರುದ್ಧ ಅರ್ಧ ಸಮಯಕ್ಕೂ ಮೊದಲೇ ವಾಪಸ್ ಕರೆದರು. ಶಿಸ್ತಿನ ಸಮಸ್ಯೆ ಡಾರ್ಟ್ಮಂಡಲ್ಲೂ ಇತ್ತು ಅಂತಾಯ್ತು. ಹಾಗಿದ್ದೂ ಅದೇ ಅವನ ಅತ್ಯುತ್ತಮ ಸೀಸನ್ ಹೇಗಾಯಿತು?

ನವೆಂಬರ್ ಕೊನೆಗೆ ಫಾವ್ರ್ ಮೂವರು ಡಿಫೆಂಡರ್‌ಗಳ 3-4-3ಕ್ಕೆ ಬದಲಾಯಿಸಿದರು. ಬಲಗಡೆ ವಿಂಗ್‌ಬ್ಯಾಕ್ (ಅಂಚಿನುದ್ದಕ್ಕೂ ಹಿಂದೆ-ಮುಂದೆ ಓಡೋ ಆಟಗಾರ) ಆಗಿ ಅಶ್ರಫ್ ಹಕೀಮಿ, ಅವನ ಒಳಬದಿಗೆ ಸಾಂಚೊ. ಸಾಂಚೊ ಮೂವತ್ತು ಮೀಟರ್ ಓಡಿ ಡಿಫೆಂಡರನ್ನು ಹಿಂದಿಕ್ಕೋ ಜಾತಿಯವನಲ್ಲ. ಅವನು ಚೆಂಡನ್ನು ನಿಲ್ಲಿಸ್ತಾನೆ. ಪಾದದಡಿ ಇಟ್ಟುಕೊಂಡು, ಎದುರಾಳಿ ಒಂದು ಹೆಜ್ಜೆ ಮುಂದಿಡಲಿ ಅಂತ ಕಾಯ್ತಾನೆ. ಆ ಹೆಜ್ಜೆ ಬಿತ್ತು ಅಂದರೆ ನಾಲ್ಕೈದು ಮೀಟರ್‌ನ ಜಿಗಿತ, ಇಲ್ಲಾ ಪಕ್ಕದವನ ಜತೆ ಕೊಟ್ಟು-ತಗೊಳ್ಳೋ ಪುಟ್ಟ ಪಾಸ್. ಡಿಫೆಂಡರ್ ಹೆಜ್ಜೆ ಇಡದೇ ಸುಮ್ಮನೆ ನಿಂತರೆ ಈ ಆಟ ಅಲ್ಲಿಗೇ ಮುಗೀತು. ಅವನನ್ನು ಅಲ್ಲಾಡಿಸೋಕೆ ಇನ್ನೊಬ್ಬ ಬೇಕು.

ಆ ಇನ್ನೊಬ್ಬನೇ ಹಕೀಮಿ. ಅವನು ಗೆರೆಯ ಪಕ್ಕ ಪೂರ್ತಿ ವೇಗದಲ್ಲಿ ಹಾದುಹೋದಾಗ ಎದುರಾಳಿ ಲೆಫ್ಟ್‌ಬ್ಯಾಕ್‌ಗೆ (ಎಡಬದಿಯ ಡಿಫೆಂಡರ್‌ಗೆ) ಎರಡೇ ದಾರಿ. ಹಕೀಮಿ ಹಿಂದೆ ಓಡಿದರೆ ಸಾಂಚೊಗೆ ಒಳಗಡೆ ಬಾಗಿಲು ತೆರೀತು. ಸಾಂಚೊ ಹತ್ತಿರವೇ ನಿಂತರೆ ಹಕೀಮಿ ಒಂಟಿಯಾಗಿ ಬಾಕ್ಸ್‌ಗೆ ನುಗ್ಗಿದ. ಹಕೀಮಿ ಆ ಸೀಸನ್ ಲೀಗ್‌ನಲ್ಲಿ 10 ಅಸಿಸ್ಟ್ ಕೊಟ್ಟ. ಜನವರಿಯಲ್ಲಿ ಸ್ಟ್ರೈಕರ್ ಹಾಲಂಡ್ ಬಂದ ಮೇಲಂತೂ ನಡುವಿನ ಡಿಫೆಂಡರ್‌ಗಳಾದ ಸೆಂಟರ್‌ಬ್ಯಾಕ್‌ಗಳು ಸಹಾಯಕ್ಕೆ ಪಕ್ಕಕ್ಕೆ ಸರಿಯೋಕೂ ಹೆದರಿದರು.

ಈಗ 2021ರ ಮ್ಯಾಂಚೆಸ್ಟರ್ ಯುನೈಟೆಡ್. 8.5 ಕೋಟಿ ಯೂರೋ ಕೊಟ್ಟು ಬಲಗಡೆಗೆ ಅಂತಲೇ ಕೊಂಡರು. ಬಲಗಡೆ ಹಿಂದೆ ಯಾರಿದ್ದರು? ವಾನ್-ಬಿಸಾಕಾ. ಟ್ಯಾಕಲ್‌ನಲ್ಲಿ ಗಟ್ಟಿಗ, ಮೇಲೆ ಓಡಿ ಕ್ರಾಸ್ ಹಾಕೋ ಕೆಲಸ ಅವನಿಗೆ ಒಗ್ಗದ್ದು. ಆಗಸ್ಟ್ ಕೊನೆಗೆ ರೊನಾಲ್ಡೊ ಬಂದ, ಯೋಜನೆಯೇ ತಿರುವುಮುರುವಾಯಿತು. ಸಾಂಚೊನ ಎಡಕ್ಕೆ ತಳ್ಳಿದರು. ಹಾಗೆ ನೋಡಿದರೆ ಡಾರ್ಟ್ಮಂಡಲ್ಲೂ ಎಡಗಡೆ ಆಡಿದವನೇ ಅವನು, ಹಾಗಾಗಿ ಬರೀ ಬದಿ ಬದಲಾಗಿದ್ದನ್ನು ದೂರೋ ಹಾಗಿಲ್ಲ. ಅವನಿಗೂ ಜತೆಗಾರರಿಗೂ ನಡುವೆ ಇದ್ದ ಅಂತರವನ್ನು ದೂರಬೇಕು. ಚೆಂಡು ಅವನ ಕಾಲಿಗೆ ತಡವಾಗಿ ಬರ್ತಿತ್ತು, ಅಷ್ಟರಲ್ಲಿ ಎದುರಿಗೆ ಇಬ್ಬರು ನಿಂತಿರ್ತಿದ್ದರು, ಪಾಸ್ ಕೊಡೋಣ ಅಂದರೆ ಹತ್ತಿರದಲ್ಲಿ ನರಪಿಳ್ಳೆ ಇಲ್ಲ. ಜೋಡೆತ್ತಿನ ನೊಗಕ್ಕೆ ಒಂದೇ ಎತ್ತು ಕಟ್ಟಿದ ಹಾಗೆ. ಯುನೈಟೆಡ್ ಪರ 83 ಪಂದ್ಯದಲ್ಲಿ 12 ಗೋಲ್.

ಹುಡುಗನ ತಪ್ಪೇ ಇಲ್ಲ ಅಂತ ವಾದಿಸ್ತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಪಂದ್ಯದ ನಂತರ ಕೋಚ್ ಟೆನ್ ಹಾಗ್ ವಿರುದ್ಧ ಸೋಶಿಯಲ್ ಮೀಡಿಯಾದಲ್ಲಿ ಬರೆದದ್ದು ಮೂರ್ಖತನ. ಅದರಿಂದ ಅವನ ಆ ಸೀಸನ್‌ನ ಮೊದಲರ್ಧವೇ ಮುಳುಗಿತು. ಆದರೆ 2024ರ ಜನವರಿಯಲ್ಲಿ ಸಾಲದ ಮೇಲೆ (ಅಂದರೆ ತಾತ್ಕಾಲಿಕವಾಗಿ) ಡಾರ್ಟ್ಮಂಡ್‌ಗೆ ಮರಳಿದವನು ಮೇ 1ಕ್ಕೆ ಪ್ಯಾರಿಸ್ಸಿನ ಪಿಎಸ್‌ಜಿ ವಿರುದ್ಧ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಅವರ ಲೆಫ್ಟ್‌ಬ್ಯಾಕ್ ನುನೊ ಮೆಂಡಿಸ್‌ನನ್ನು ಸುತ್ತಾಡಿಸಿದ್ದನ್ನು ನಮ್ಮಲ್ಲಿ ರಾತ್ರಿ ಹನ್ನೆರಡೂವರೆಗೆ ಎದ್ದು ಕೂತವರೆಲ್ಲ ನೋಡಿದ್ದೀರಿ. 2008ರ ಮೆಸ್ಸಿ ನಂತರ ಸೆಮಿಫೈನಲ್ ಒಂದರಲ್ಲಿ ಅಷ್ಟು ಡ್ರಿಬಲ್ (ಚೆಂಡಿನ ಜತೆ ಎದುರಾಳಿಯನ್ನು ದಾಟೋದು) ಯಾರೂ ಮಾಡಿರಲಿಲ್ಲ. ನಾಲ್ಕೇ ತಿಂಗಳಲ್ಲಿ ಸ್ವಭಾವ ಬದಲಾಗುತ್ತಾ? ತಂಡ ಬದಲಾಗಿತ್ತು.

ಅದಕ್ಕೇ ಇಂಗ್ಲೆಂಡಿನ ಯುವ ವಿಂಗರ್ ಹೊರದೇಶಕ್ಕೆ ಹೊರಟ ಅಂದಾಗ ನಾನು ಕ್ಲಬ್ಬಿನ ಲೋಗೋ ನೋಡಲ್ಲ. ಆ ಜಾಗದಲ್ಲಿ ಕಳೆದ ಸೀಸನ್ ಆಡಿದವನು ಮಾರಾಟ ಆದನಾ? ಅದೇ ಬದಿಯ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಎಡಗಾಲಿನವನಾ ಬಲಗಾಲಿನವನಾ, ಹೊರಗಡೆಯಿಂದ ಓಡ್ತಾನಾ ಒಳಗಡೆಯಿಂದಾನಾ? ಕೋಚ್ ಕಾಂಟ್ರಾಕ್ಟ್ ಇನ್ನೆಷ್ಟು ದಿನ ಇದೆ? ಸಾಲದ ಮೇಲೆ ಹೋಗೋರಿಗೆ ಈ ಕೊನೆಯದು ದೊಡ್ಡ ಗುಂಡಿ. ಕರೆಸಿಕೊಂಡ ಕೋಚ್ ಡಿಸೆಂಬರ್‌ಗೆ ಮನೆಗೆ ಹೋದರೆ ಹೊಸಬನಿಗೆ ಸಾಲದ ಹುಡುಗನ ಮೇಲೆ ಯಾವ ಋಣವೂ ಇಲ್ಲ.

ಇನ್ನೊಂದು ವಿಷಯ. ಸಾಂಚೊ ಹೋದ ದಾರಿ ಈಗ ಮುಚ್ಚಿದೆ. ಫಿಫಾ ನಿಯಮದಲ್ಲಿ 18 ತುಂಬದವರು ದೇಶ ದಾಟಿ ವರ್ಗಾವಣೆ ಆಗೋ ಹಾಗಿಲ್ಲ. ಕೆಲವು ವಿನಾಯ್ತಿಗಳಿವೆ, ಅದರಲ್ಲಿ ಇಂಥ ಹುಡುಗರಿಗೆ ಮುಖ್ಯವಾದದ್ದು ಯುರೋಪಿಯನ್ ಯೂನಿಯನ್ ವಲಯದ ಒಳಗೆ 16 ತುಂಬಿದವರಿಗೆ ಇರೋ ವಿನಾಯ್ತಿ. ಬ್ರೆಕ್ಸಿಟ್‌ನಿಂದ 2021ರ ಜನವರಿ 1ರಿಂದ ಇಂಗ್ಲೆಂಡ್ ಆ ವಿನಾಯ್ತಿಯಿಂದ ಆಚೆ. ನೆದರ್ಲೆಂಡ್ಸಿನ ಪಿಎಸ್‌ವಿಗೆ 16ಕ್ಕೇ ಹೋದ ಇಂಗ್ಲಿಷ್ ವಿಂಗರ್ ಮಡುವೇಕೆ, 2020ರಲ್ಲಿ ಡಾರ್ಟ್ಮಂಡ್ ಸೇರಿದ ಇನ್ನೊಬ್ಬ ಇಂಗ್ಲಿಷ್ ವಿಂಗರ್ ಗಿಟನ್ಸ್, ಇವರೆಲ್ಲ ಬಾಗಿಲು ಮುಚ್ಚೋ ಮೊದಲು ದಾಟಿದವರು. ಇಂದಿನ ನಿಯಮ 2017ರಲ್ಲಿ ಇದ್ದಿದ್ದರೆ ಸಾಂಚೊ 2018ರ ಮಾರ್ಚ್ 25ರ ತನಕ, ಅಂದರೆ ಲೆಕ್ಕಕ್ಕೆ ಮುಂದಿನ ಬೇಸಿಗೆಯ ವಿಂಡೋ ತನಕ, ಕಾಯಬೇಕಿತ್ತು. ಅಷ್ಟು ದಿನ ಆ 7ನೇ ನಂಬರನ್ನು ಡಾರ್ಟ್ಮಂಡ್ ಯಾರಿಗೂ ಕೊಡದೆ ಇಟ್ಟುಕೊಂಡಿರ್ತಿತ್ತು ಅಂತ ನನಗಂತೂ ಅನಿಸಲ್ಲ.