ಊರಲ್ಲೇ ಇದ್ದು ಬೆಳೆದ ಬ್ಯಾಂಡ್

ಕೇಳುಗರಿಗೆ ನಮಸ್ಕಾರ. ನಮ್ಮ ಬೆಳಗಾವಿಯ ಟಿಳಕವಾಡಿ, ಶಹಾಪುರ, ಉದ್ಯಮಬಾಗ ಕಡೆ ರೂಮಿನ ಬಾಗಿಲು ಹಾಕಿಕೊಂಡು ಗಿಟಾರ್ ಬಾರಿಸುತ್ತಿರುವ ಹುಡುಗ ಹುಡುಗಿಯರಿಗೆ ಇನ್ನೊಂದು ನಮಸ್ಕಾರ. ನೀವು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಸರ್, ಬ್ಯಾಂಡ್ ಕಟ್ಟೋಕೆ ಬೆಂಗಳೂರಿಗೇ ಹೋಗಬೇಕಲ್ವಾ?" ಬೇಡ ಮಾರಾಯರೇ. ಊರಲ್ಲೇ ಇರಿ, ಜನರ ಮುಂದೆ ನುಡಿಸಿ.

ಆರ್.ಇ.ಎಂ. ಅಂತ ಅಮೆರಿಕದ ಒಂದು ಬ್ಯಾಂಡ್. ಆಲ್ಟರ್ನೇಟಿವ್ ರಾಕ್, ಅಂದರೆ ಮಾಮೂಲಿ ಜನಪ್ರಿಯ ಹಾಡುಗಳ ಜಾಡು ಬಿಟ್ಟ ರಾಕ್ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಇವರೂ ಒಬ್ಬರು. ಇವರದು ನ್ಯೂಯಾರ್ಕ್ ಅಲ್ಲ. ಜಾರ್ಜಿಯಾ ರಾಜ್ಯದ ಅಥೆನ್ಸ್, ಒಂದು ಯೂನಿವರ್ಸಿಟಿ ಇರುವ ಊರು.

ಅಲ್ಲಿ ಪೀಟರ್ ಬಕ್ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಳ್ಳೆಯ ರೆಕಾರ್ಡ್ ಬಂದರೆ ತನಗೆ ಇರಲಿ ಅಂತ ಇಟ್ಟುಕೊಳ್ಳುತ್ತಿದ್ದ. ಮೈಕೆಲ್ ಸ್ಟೈಪ್ ಅನ್ನುವ ವಿದ್ಯಾರ್ಥಿ ಬಂದು ಸರಿಯಾಗಿ ಅವನ್ನೇ ಕೊಳ್ಳುತ್ತಿದ್ದ! ಜಗಳ ಆಗಬೇಕಿತ್ತು, ಗೆಳೆತನ ಆಯಿತು. ಮೈಕ್ ಮಿಲ್ಸ್, ಬಿಲ್ ಬೆರ್ರಿ ಜೊತೆಗೂಡಿದರು. 1980ರ ಏಪ್ರಿಲ್ 5ರಂದು, ಪ್ರಾರ್ಥನೆ ನಿಂತುಹೋಗಿದ್ದ ಹಳೇ ಚರ್ಚೊಂದರಲ್ಲಿ, ಗೆಳತಿಯ ಹುಟ್ಟುಹಬ್ಬದ ಪಾರ್ಟಿಗೆ ಮೊದಲ ಸಲ ನುಡಿಸಿದರು. ಬ್ಯಾಂಡಿಗೆ ಆಗ ಹೆಸರೇ ಇರಲಿಲ್ಲ! ಆಮೇಲೆ ಡಿಕ್ಷನರಿ ತೆರೆದು ಹೆಸರು ಹುಡುಕಿದರು. ನಮ್ಮಲ್ಲೋ, ಮೊದಲು ಹೆಸರು, ಲೋಗೋ, ಟೀ ಶರ್ಟು. ಹಾಡು ಆಮೇಲೆ ನೋಡೋಣ ಅಂತಾರೆ.

ಅಯ್ಯೋ, ಸ್ಟುಡಿಯೋದ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ.

1981ರಲ್ಲಿ ಮೊದಲ ರೆಕಾರ್ಡ್ ಬಂತು. ಅಚ್ಚಾದದ್ದು 1,000 ಪ್ರತಿ. ಅದರಲ್ಲಿ 600 ಪ್ರಚಾರಕ್ಕೆ ಅಂತ ಸುಮ್ನೆ ಹಂಚಿದರು. ದೊಡ್ಡ ರೇಡಿಯೋಗಳು ಇಂಥದ್ದನ್ನು ಹಾಕುತ್ತಿರಲಿಲ್ಲ, ವಿದ್ಯಾರ್ಥಿಗಳೇ ನಡೆಸುವ ಕಾಲೇಜ್ ರೇಡಿಯೋಗಳು ಹಾಕಿದವು. ಇವರು ಹಳೇ ವ್ಯಾನ್ ಹತ್ತಿ ಊರೂರು ತಿರುಗಿ, ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ನುಡಿಸಿ, ಮತ್ತೆ ಅಥೆನ್ಸಿಗೇ ಬರುತ್ತಿದ್ದರು. 1983ರಲ್ಲಿ ಮೊದಲ ಆಲ್ಬಂ 'ಮರ್ಮರ್'. ಲೋಕವೆಲ್ಲ ಹಾಡಿದ 'ಲೂಸಿಂಗ್ ಮೈ ರಿಲಿಜನ್' ಬಂದದ್ದು 1991ರಲ್ಲಿ. ಹೊಸದಾಗಿ ಕೊಂಡ ಮ್ಯಾಂಡೊಲಿನ್ ಕಲಿಯುತ್ತಾ, ಟಿವಿ ನೋಡುತ್ತಾ ಪೀಟರ್ ಬಕ್ ಹುಟ್ಟಿಸಿದ ಧಾಟಿ ಅದು. ಚರ್ಚಿನಿಂದ ಅಲ್ಲಿಗೆ 11 ವರ್ಷ. ನೀವು 11 ದಿನಕ್ಕೆ ವ್ಯೂಸ್ ಎಣಿಸುತ್ತೀರಿ!

ಮತ್ತೆ ಹೇಳುತ್ತೇನೆ, ಊರಲ್ಲೇ ಇರಿ, ಜನರ ಮುಂದೆ ನುಡಿಸಿ. ಈ ಸಲ ನಿಮ್ಮ ಗಲ್ಲಿಯ ಗಣಪತಿ ಮಂಡಳದವರ ಹತ್ತಿರ ಅರ್ಧ ಗಂಟೆ ಕೇಳಿ ನೋಡಿ. ಡಿಜೆಗಿಂತ ಖರ್ಚು ಕಡಿಮೆ ಅಂದರೆ ಒಪ್ಪಿಯೇ ಒಪ್ಪುತ್ತಾರೆ. ನಮಸ್ಕಾರ.